ತುಟಿಗೆ ಬೆಣ್ಣೆ

"ಚಳಿ ಚಳಿ ಅಂತ ಒಂಬತ್ತು ಸಲ ಬರ್ದಿದ್ದೀಯಲ್ಲೇ, ನನ್ನ ಬೆವರು ನಿಂತಿತಾ?" ಎಂದು ಹನ್ಸಾತು ಅತ್ತೆ ತಾನು ಹೆಣೆಯುತ್ತಿದ್ದ ತಲಾತುವಿನ ಜಡೆಯನ್ನು ಜಗ್ಗಿದಳು. ಮರುಭೂಮಿಗೆ ಹತ್ತಿರದ ಕಾನೋ ಪಟ್ಟಣದ ಏಪ್ರಿಲ್ ಮಧ್ಯಾಹ್ನ. ಕೂದಲಿಗೆ ಹಚ್ಚುವ ಬೆಣ್ಣೆ ಬಟ್ಟಲಲ್ಲೇ ಕರಗಿ ಎಣ್ಣೆಯಾಗಿತ್ತು. ತಲಾತು ತನ್ನ ಕಾದಂಬರಿಯ ಕೊನೆಯ ಅಧ್ಯಾಯವನ್ನು ಸಂಜೆಯೊಳಗೆ ಅಚ್ಚಿಗೆ ಕೊಡಬೇಕಿತ್ತು. ಅತ್ತೆ ಆಕಳಿಸಿದ ಪುಟವನ್ನು ಅವಳು ಈವರೆಗೆ ಕೊಟ್ಟವಳಲ್ಲ.

"ಬೇರೆ ಥರ ಬರ್ದಿದ್ದೀನಿ, ಕೇಳು ಅತ್ತೆ."

"ಓದು. ನಿದ್ದೆ ಬಂದ್ರೆ ಬೈಕೋಬೇಡ."

ಈ ಸಲ ಚಳಿ ಎಂಬ ಪದವನ್ನೇ ಅವಳು ಹೊಡೆದುಹಾಕಿದ್ದಳು. ಕಥೆಯ ಹುಡುಗಿ ಬೆಳಿಗ್ಗೆ ಎದ್ದು ನೀರಿನ ಮಡಕೆಯ ಮುಚ್ಚಳದ ಮೇಲಿನ ಧೂಳನ್ನು ಊದುತ್ತಾಳೆ. ಗಾಳಿ ಹೊತ್ತು ತಂದ ಧೂಳಿನ ಮಬ್ಬಿನಲ್ಲಿ ಮಸೀದಿ ಕಾಣುವುದಿಲ್ಲ, ಆಜಾನ್ ಮಾತ್ರ ಕೇಳುತ್ತದೆ. ಬಾಗಿಲಿಗೆ ಬಂದು ನಿಂತವನನ್ನು ನೋಡಿ ನಗಲು ಹೋಗುತ್ತಾಳೆ; ಒಡೆದ ತುಟಿ ಉರಿದು ನಗು ಅರ್ಧಕ್ಕೇ ನಿಲ್ಲುತ್ತದೆ.

ಜಡೆ ಹೆಣೆಯುತ್ತಿದ್ದ ಬೆರಳುಗಳೂ ನಿಂತವು. ಆಕಳಿಕೆ ಬಂತೇನೋ ಎಂದು ತಲಾತು ಹೆದರುತ್ತಲೇ ಎದುರಿನ ಕನ್ನಡಿ ನೋಡಿದಳು. ಅತ್ತೆ ಬೆಣ್ಣೆಯಲ್ಲಿ ಬೆರಳದ್ದಿ, ಕೂದಲನ್ನು ಮರೆತು, ಚಳಿಗಾಲದ ಒಣಗಾಳಿಯ ತಿಂಗಳುಗಳಲ್ಲಿ ಮಾಡುವ ಹಾಗೆ ತನ್ನ ತುಟಿಗೆ ಸವರಿಕೊಳ್ಳುತ್ತಿದ್ದಳು. ಅವಳ ಕತ್ತಿನಿಂದ ಬೆವರು ಇಳಿಯುತ್ತಲೇ ಇತ್ತು.

"ಅತ್ತೇ, ನಿನ್ನ ತುಟಿ!" ಎಂದು ತಲಾತು ಬಿದ್ದು ಬಿದ್ದು ನಕ್ಕಳು. ಅರ್ಧ ಹೆಣೆದ ಜಡೆ ಬಿಚ್ಚಿಹೋಯಿತು.

ತುಟಿ ಮುಟ್ಟಿ ನೋಡಿಕೊಂಡ ಅತ್ತೆಗೂ ನಗು ತಡೆಯಲಿಲ್ಲ. ಆದರೂ ತಲಾತುವಿನ ತಲೆಗೊಂದು ಮೊಟಕಿದಳು. "ಹಲ್ಲು ಕಿರೀತಾ ಕೂತ್ಕೋಬೇಡ, ಮುಂದಕ್ಕೆ ಓದು. ಆ ಧೂಳಲ್ಲಿ ಪಾಪ ಅವನನ್ನ ಎಷ್ಟೊತ್ತು ಬಾಗಿಲಲ್ಲೇ ನಿಲ್ಲಿಸ್ತೀಯಾ? ಒಳಗೆ ಕರಿ!"