ಮಾದರಿ ಕುರ್ಚಿ

ಬಡಗಿ ಕುರ್ಚಿಯೊಂದನ್ನು ಹೆಗಲ ಮೇಲೆ ಹೊತ್ತು ಮೂರು ಮಹಡಿ ಹತ್ತಿ ಬಂದು, ನಕ್ಷೆ ಕಚೇರಿಯ ನಟ್ಟನಡುವೆ ದೊಪ್ಪೆಂದು ಇಳಿಸಿದ. ಬರೆಯುವುದಕ್ಕೆಂದು ಪಕ್ಕದಲ್ಲೇ ಪುಟ್ಟ ಹಲಗೆ ಜೋಡಿಸಿದ ಕುರ್ಚಿ.

"ತರಬೇತಿ ಹಾಲ್‌ಗೆ ಇಂಥವು ನಲವತ್ತೆಂಟು ಮಾಡಿಕೊಟ್ಟೆ. ಈಗ ಅಷ್ಟನ್ನೂ ವಾಪಸ್ ತಗೊಂಡು ಹೋಗು ಅಂತಾರೆ. ಕೂತು ಬರೆದವರಿಗೆಲ್ಲ ಬೆನ್ನು ಹಿಡ್ಕೊಳ್ತಂತೆ. ನಿಮ್ಮ ನಕ್ಷೆ ಬಿಟ್ಟು ನಾನು ಒಂದು ನೂಲು ಆಚೀಚೆ ಹೋಗಿಲ್ಲ ಸಾರ್. ಇದು ನೀವೇ ಒಪ್ಪಿದ ಮಾದರಿ ಕುರ್ಚಿ. ಏನು ತಪ್ಪು ಅಂತ ನೀವೇ ಹೇಳಿ."

ಯಜಮಾನರು ನಕ್ಷೆ ಬರೆಯುವ ಹುಡುಗಿಯ ಕಡೆ ನೋಡಿದರು. ಅವಳು ಸೇರಿ ಇನ್ನೂ ಮೂರು ತಿಂಗಳು ತುಂಬಿರಲಿಲ್ಲ. ಈ ಹಾಲ್ ಮುಗಿಯಲಿ, ಆಮೇಲೆ ಕಾಯಂ ಮಾಡುವ ಮಾತು ಎಂದಿದ್ದರು. ಅವಳು ಎದ್ದು ಬಂದು ಕುರ್ಚಿಯಲ್ಲಿ ಕೂತು, ಹಲಗೆಯ ಮೇಲೆ ಪುಸ್ತಕವಿಟ್ಟು ನಾಲ್ಕು ಸಾಲು ಬರೆದು ನೋಡಿದಳು. "ಚೆನ್ನಾಗೇ ಇದೆಯಲ್ಲ ಸಾರ್!"

"ಏಳಮ್ಮ" ಎಂದು ಯಜಮಾನರು ತಾವೇ ಕೂತರು. ಬೆನ್ನು ಒರಗಿಸಿ, ಮೊಣಕೈಯನ್ನು ಹಲಗೆಯ ಮೇಲೆ ಚಾಚಿದರು. "ಇಲ್ಲೇ ನಿದ್ದೆ ಬರೋ ಹಾಗಿದೆ. ಏನು ಧಾಡಿಯಂತೆ ಅವರಿಗೆ?"

ಬಡಗಿಗೆ ತಲೆ ಕೆಟ್ಟುಹೋಯಿತು. ನಲವತ್ತೆಂಟು ಕುರ್ಚಿ ಮಾಡಿದವನು ಒಂದರಲ್ಲೂ ಕೂತು ಬರೆದಿರಲಿಲ್ಲ. ಯಜಮಾನರನ್ನು ಎಬ್ಬಿಸಿ ತಾನು ಕೂತ. ಕಿವಿಯ ಸಂದಿಯ ಪೆನ್ಸಿಲ್ ತೆಗೆದು ಬರೆಯಹೊರಟರೆ ಬಲ ಮೊಣಕೈ ಗಾಳಿಯಲ್ಲಿ ನೇತಾಡಿತು. ಮೈಯನ್ನು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿದ ಮೇಲೆ ಪೆನ್ಸಿಲ್ ಹಲಗೆಗೆ ಮುಟ್ಟಿತು.

"ಅಯ್ಯೋ ಶಿವನೇ! ಹಲಗೆ ಎಡಕ್ಕಿದೆ!"

ಹುಡುಗಿ ತನ್ನ ಕೈ ನೋಡಿಕೊಂಡಳು. ಪೆನ್ನು ಇನ್ನೂ ಎಡಗೈಯಲ್ಲೇ ಇತ್ತು. "ಒಂದೇ ಕುರ್ಚಿ ಬರೆದಿದ್ದು ಸಾರ್. ಆಮೇಲೆ ಅರೇ ಹಾಕಿದೆ."

"ಅರೆ ಅಲ್ಲ, ಅರೆಬರೆನೂ ಅಲ್ಲ ತಾಯಿ, ಪೂರ್ತಿ ಕೆಟ್ಟಿದೆ" ಎಂದ ಬಡಗಿ.

ಅರೇ ಎಂಬುದು ಕಂಪ್ಯೂಟರಿನಲ್ಲಿರುವ ಒಂದು ಆಜ್ಞೆಯ ಹೆಸರು ಎಂದು ಅವಳು ಸಣ್ಣ ದನಿಯಲ್ಲಿ ವಿವರಿಸಿದಳು. ಒಂದನ್ನು ಬರೆದು, ಆರು ಸಾಲು, ಸಾಲಿಗೆ ಎಂಟು ಎಂದರೆ ಸಾಕು, ಉಳಿದವು ತಾವೇ ಬಂದು ಕೂರುತ್ತವೆ. ಒಂದನ್ನು ತಿದ್ದಿದರೆ ಎಲ್ಲವೂ ತಿದ್ದಿಕೊಳ್ಳುತ್ತವೆ. ಪರದೆಯ ಮೇಲೆ ಒಂದು ಕುರ್ಚಿಯ ಹಲಗೆಯನ್ನು ಬಲಕ್ಕೆ ತಿರುಗಿಸಿ ತೋರಿಸಿದಳು. ನಲವತ್ತೆಂಟೂ ಕವಾಯತಿಗೆ ನಿಂತವರಂತೆ ಒಟ್ಟಿಗೇ ಬಲಕ್ಕೆ ತಿರುಗಿದವು.

"ಇಲ್ಲಿ ತಿರುಗ್ತು. ಅಲ್ಲಿರೋವನ್ನ ಯಾರು ತಿರುಗಿಸ್ತಾರೆ?" ಎಂದ ಬಡಗಿ.

ಯಜಮಾನರಿಗೆ ಸಿಟ್ಟು ನೆತ್ತಿಗೇರಿತು. "ನಿನ್ನೊಬ್ಬಳ ಕೈಗೆ ತಕ್ಕ ಹಾಗೆ ಊರಿಗೆಲ್ಲ ಕುರ್ಚಿ ಮಾಡಿಸಿದ್ಯಲ್ಲಮ್ಮ! ನಾಳೆಯಿಂದ ನೀನು..."

"ಸಾರ್," ಬಡಗಿ ಮಧ್ಯೆ ಬಾಯಿ ಹಾಕಿದ. "ಮಾದರಿ ಒಪ್ಪಿದ ದಿನ ಇದರಲ್ಲಿ ಅರ್ಧ ಗಂಟೆ ಕೂತು ಭೇಷ್ ಅಂದಿದ್ದು ನೀವು."

"ನಾನು ಬಲಗೈಯವನು ಕಣಯ್ಯಾ. ಎಡಕ್ಕಿದ್ದಿದ್ರೆ ನನಗೆ ಗೊತ್ತಾಗ್ತಿರಲಿಲ್ವಾ?"

"ಅದೇ ನನಗೂ ಅರ್ಥ ಆಗ್ತಿಲ್ಲ." ಬಡಗಿ ಹಲಗೆಯ ಮೂಲೆಯನ್ನು ಬೆರಳಿಂದ ತೋರಿಸಿದ. ಅಲ್ಲಿ ಪೆನ್ಸಿಲ್ಲಿನಲ್ಲಿ ಬರೆದ ಒಂದು ಬೆಕ್ಕು ಬಾಲ ಸುತ್ತಿಕೊಂಡು ಕೂತಿತ್ತು. "ಅವತ್ತು ಫೋನಲ್ಲಿ ಮಾತಾಡ್ತಾ ನೀವು ಬರೆದಿದ್ದು. ನಾನು ಎದುರಿಗೇ ನಿಂತಿದ್ದೆ. ಫೋನು ನಿಮ್ಮ ಬಲಗೈಲಿತ್ತು."

ಯಜಮಾನರು ಬೆಕ್ಕನ್ನೇ ದಿಟ್ಟಿಸಿದರು. ಚೆಂದದ ಬೆಕ್ಕು. ತಮ್ಮ ಎಡಗೈಯನ್ನು ಹಿಂದೆ ಮುಂದೆ ತಿರುಗಿಸಿ, ಬೇರೆ ಯಾರದೋ ಕೈ ಎಂಬಂತೆ ನೋಡಿದರು. "ನಾನು ಈ ಕೈಲಿ ಒಂದು ಚಮಚಾನೂ ಹಿಡಿಯಲ್ಲವಲ್ಲ" ಎಂದು ಗೊಣಗಿದರು. ಏನೂ ಬಗೆಹರಿಯದೆ, ಕೊನೆಗೆ ಅಕ್ಕನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟರು.

"ಅಕ್ಕಾ, ಚಿಕ್ಕೋನಿದ್ದಾಗ ನಾನು ಯಾವ ಕೈಲಿ ಬರೀತಿದ್ದೆ?"

ಆ ಕಡೆ ಪಾತ್ರೆ ತೊಳೆಯುವ ಸದ್ದು ನಿಂತಿತು. "ಯಾಕೋ ಈಗ? ಯಾರು ಹೇಳಿದ್ರು ನಿನಗೆ?"

"ಹೇಳಕ್ಕಾ."

"ಅಪ್ಪ ಒಂದು ವರ್ಷ ನಿನ್ನ ಎಡಗೈನ ಕುರ್ಚಿಗೆ ಕಟ್ಟಿ ಕೂರಿಸ್ತಿದ್ರು ಕಣೋ. ನೀನು ಮರೆತಿದ್ದೀಯ ಅಂತ ನಾವೂ ಸುಮ್ಮನಾದ್ವಿ."

ಫೋನ್ ಇಟ್ಟು ಯಜಮಾನರು ಮತ್ತೆ ಮಾದರಿ ಕುರ್ಚಿಯಲ್ಲಿ ಕೂತರು. ಎಡ ಮೊಣಕೈ ತಾನಾಗಿಯೇ ಹಲಗೆಯ ಮೇಲೆ ಬಂದು ಕೂತಿತು.

"ಎಲ್ಲಾ ಬಿಚ್ಚಿ ಬಲಕ್ಕೆ ಹಾಕ್ತೀನಿ ಬಿಡಿ" ಎಂದ ಬಡಗಿ. "ಇದನ್ನೂ ಕೊಡಿ."

"ಇದೊಂದು ಹೀಗೇ ಇರಲಿ."

ಹುಡುಗಿ ಧೈರ್ಯ ಮಾಡಿ ಕೇಳಿದಳು. "ಸಾರ್, ನಾಳೆ ನಾನು ಬರಬೇಕಾ?"

"ನೀನು ಬರದಿದ್ರೆ ನಕ್ಷೆ ತಿದ್ದೋರ್ಯಾರು? ಎಲ್ಲಿ, ಒಂದನ್ನು ಮಾತ್ರ ಎಡಕ್ಕೆ ಹಾಕು, ನೋಡೋಣ."

ಅವಳು ಹಾಕಿದಳು. ನಲವತ್ತೆಂಟೂ ಒಟ್ಟಿಗೆ ಎಡಕ್ಕೆ ತಿರುಗಿದವು. "ಹೀಗೆ ಆಗಲ್ಲ ಸಾರ್. ಒಂದು ಬೇರೆ ಥರ ಇರಬೇಕು ಅಂದ್ರೆ ಮೊದಲು ಈ ಅರೇ ಕಟ್ಟು ಬಿಚ್ಚಬೇಕು."

"ಬಿಚ್ಚಮ್ಮ" ಎಂದರು ಯಜಮಾನರು, ಎಡಗೈಯ ಮಣಿಕಟ್ಟನ್ನು ಮೆಲ್ಲಗೆ ಉಜ್ಜಿಕೊಳ್ಳುತ್ತಾ.