ಬೀಗ ಬಿಚ್ಚುವ ಹುಲ್ಲು

"ಇದು ಬೆಕ್ಕಿನ ಹೆಜ್ಜೆ ಅಲ್ಲ," ಗಾನಾ ಬಗ್ಗಿ ನೋಡಿದಳು. "ಬೆಕ್ಕು ಉಗುರು ಒಳಗೆ ಎಳ್ಕೊಂಡು ನಡೆಯತ್ತೆ. ಇದು ನೋಡು, ಐದು ಬೆರಳು, ಐದು ಉಗುರು. ಮುಳ್ಳಿಲಿ ಬಂದಿದ್ದಾಳೆ ಕಣೇ."

ತೋಟದ ಕಾಲುದಾರಿಯಲ್ಲಿ ಒಲೆಯ ಬೂದಿಯನ್ನು ಜರಡಿ ಹಿಡಿದು ಹರಡಿದ್ದವಳು ಸೊಸೆ ದಾಫೀನಾ. ಹತ್ತು ದಿನದಿಂದ ಇದೇ ಕೆಲಸ. ಮುಳ್ಳಿಲಿ ನುಸುಳಲೆಂದು ಬೇಲಿಯ ಬುಡದಲ್ಲಿ ಕಿಂಡಿ ಬಿಟ್ಟದ್ದು, ಬೇಯಿಸಿದ ಮೊಟ್ಟೆ ಕೊಚ್ಚಿಟ್ಟದ್ದು, ನಾಯಿಯನ್ನು ನೆರೆಮನೆಗೆ ಸಾಗಹಾಕಿದ್ದು, ಎಲ್ಲವೂ ಅತ್ತೆಯ ಅಪ್ಪಣೆ. ಮುದುಕಿಗೆ ಮರಿ ಹಾಕಿದ ತಾಯಿಯೇ ಬೇಕಿತ್ತು.

ತುಂಜಾ ಹೊಳೆಯ ದಂಡೆಯ ಊರುಗಳಲ್ಲಿ ಇದು ಚಿಕ್ಕಮಕ್ಕಳಿಗೂ ಗೊತ್ತಿರುವ ಮಾತು. ಎಂಥ ಬೀಗವನ್ನೂ ಬಿಚ್ಚುವ ಹುಲ್ಲೊಂದಿದೆ, ಅದರ ಗುರುತು ಮುಳ್ಳಿಲಿಗೆ ಮಾತ್ರ. ಮರಿಗಳನ್ನು ಡಬ್ಬಿಗೆ ಹಾಕಿ ಬೀಗ ಜಡಿದರೆ ತಾಯಿ ಎಲ್ಲಿಂದಾದರೂ ಆ ಹುಲ್ಲನ್ನು ತಂದೇ ತರುತ್ತದೆ.

ಬಿಚ್ಚಬೇಕಾದದ್ದು ಗಾನಾಳ ಕಬ್ಬಿಣದ ಪೆಟ್ಟಿಗೆ. ದಾಫೀನಾ ತವರಿನಿಂದ ತಂದ ಚಿನ್ನದ ನಾಣ್ಯದ ಸರವೂ ಅದರೊಳಗಿತ್ತು. ಇದ್ದ ಒಂದೇ ಕೀಲಿ ಮಗ ನೆಡ್ಕೊನ ಕೊರಳಲ್ಲಿತ್ತು. ಕಳೆದ ಸೆಪ್ಟೆಂಬರಿನಲ್ಲಿ ಗಂಡಹೆಂಡಿರು ಬಲೆ ಎಳೆಯಲು ದೋಣಿಯಲ್ಲಿ ಹೋದರು. ದೋಣಿ ಮಗುಚಿತೆಂದು ಅಳುತ್ತ ಮರಳಿದವಳು ದಾಫೀನಾ ಒಬ್ಬಳೇ. ಹೆಣ ಸಿಗಲಿಲ್ಲ. ಕೀಲಿಯೂ ಹೊಳೆಪಾಲಾಯಿತೆಂದು ಊರು ಮರುಗಿತು. ಕಮ್ಮಾರನನ್ನು ಕರೆಸೋಣವೆಂದರೆ ಮುದುಕಿ ಜಪ್ಪಯ್ಯ ಅನ್ನಲಿಲ್ಲ.

ಆ ಸರವಿಲ್ಲದೆ ದಾಫೀನಾಗೆ ಈ ಮನೆಯಿಂದ ಬಿಡುಗಡೆಯಿಲ್ಲ. ಗಿರಣಿಯ ಸಾವಾ ಅವಳನ್ನು ಮದುವೆಯಾಗಲು ತಯಾರಿದ್ದ. ಬರಿಗೈಯ ವಿಧವೆಗೆ ಅವನ ಅಮ್ಮ ತಯಾರಿರಲಿಲ್ಲ.

"ಬೀಗ ಬಿಚ್ಚಲಿ," ಎಂದಿದ್ದಳು ಗಾನಾ. "ನಿನ್ನ ಸರ ತಗೊಂಡು ಎಲ್ಲಿಗಾದ್ರೂ ಹೋಗು. ಬೇಡ ಅನ್ನಲ್ಲ."

ಶುಕ್ರವಾರ ಸಂಜೆ ಸೌದೆರಾಶಿಯ ಅಡಿಯಲ್ಲಿ ಗೂಡು ಸಿಕ್ಕಿತು. ಆಗಷ್ಟೇ ಕಣ್ಣುಬಿಟ್ಟ ನಾಲ್ಕು ಮರಿ. ಗಾನಾ ಒಂದೊಂದನ್ನೇ ಎತ್ತಿ ಮರದ ಡಬ್ಬಿಗೆ ಹಾಕಿ ಬೀಗ ಒತ್ತಿದಳು. ಕೀಚುದನಿ ಕೇಳಿ ದಾಫೀನಾ ಡಬ್ಬಿಯ ಬಳಿ ಬಗ್ಗಿದಳು. ಹಾಲಿಲ್ಲದೆ ಸಾಯುತ್ತವೆ ಅತ್ತೆ ಎಂದಳು.

"ತಾಯಿಗೆ ಕರುಳು ಉರೀದೆ ಹುಲ್ಲು ಹ್ಯಾಗೆ ಬರತ್ತೆ?"

ಬೆಳಿಗ್ಗೆ ನೋಡಿದರೆ ಡಬ್ಬಿಯ ಮೂಲೆಗಳಲ್ಲೆಲ್ಲ ರಕ್ತದ ಗೀರು. ತಾಯಿ ಪಕ್ಕದಲ್ಲೇ ಮುದುಡಿ ಬಿದ್ದಿತ್ತು. ಅದರ ಮೂತಿಯ ಹತ್ತಿರ ನಾಲ್ಕೆಲೆಯ ಹಸಿ ಹುಲ್ಲು. ಪಾಪ, ಬೀಗಕ್ಕೆ ನಿಲುಕಲಿಲ್ಲ ಎಂದಳು ಗಾನಾ. ಹುಲ್ಲನ್ನು ತಂದು ಕಬ್ಬಿಣದ ಪೆಟ್ಟಿಗೆಯ ಬೀಗಕ್ಕೆ ಸಿಕ್ಕಿಸಿದಳು. ಬೀಗ ಬಿಚ್ಚಿಕೊಳ್ಳಲು ಒಂದು ತಾಸಾದರೂ ಬೇಕಂತೆ. ಅಂದು ನೆಡ್ಕೊ ಸತ್ತು ಒಂಬತ್ತು ತಿಂಗಳು. ಮನೆ ನೋಡಿಕೊಳ್ಳಲು ಸೊಸೆಗೆ ಹೇಳಿ, ಸತ್ತವರ ಹೆಸರಲ್ಲಿ ಹಂಚುವ ಬೇಯಿಸಿದ ಗೋಧಿಯ ತಟ್ಟೆ ಹಿಡಿದು ಚರ್ಚಿಗೆ ಹೊರಟಳು.

ಬಾಗಿಲು ಮುಚ್ಚಿದ್ದೇ ತಡ, ದಾಫೀನಾ ಲಂಗದ ಅಂಚಿನ ಹೊಲಿಗೆ ಬಿಚ್ಚಿ ಕೀಲಿ ಹೊರತೆಗೆದಳು. ಒಂಬತ್ತು ತಿಂಗಳು ಅದನ್ನು ಹೊತ್ತೇ ತಿರುಗಿದ್ದಳು. ಮೊದಲೇ ತಿರುಗಿಸಿದ್ದರೆ ಕೀಲಿ ಎಲ್ಲಿಂದ ಬಂತು ಎಂದು ಊರು ಕೇಳುತ್ತಿತ್ತು. ಇವತ್ತು ಹುಲ್ಲಿದೆ, ಮುಳ್ಳಿಲಿಯಿದೆ, ಪೆದ್ದಿ ಅತ್ತೆಯಿದ್ದಾಳೆ! ನಗು ತಡೆಯಲಾಗಲಿಲ್ಲ. ಬೀಗ ಬಿಚ್ಚಿ, ಹುಲ್ಲನ್ನು ಅದರಲ್ಲೇ ಇಟ್ಟಳು. ಸರ ಕೊರಳಿಗೇರಿತು. ಕೀಲಿ ಬಾವಿಗೆ ಬಿತ್ತು.

ಗಾನಾ ಮರಳಿದಾಗ ಹಿಂದೆ ಊರ ಮುಖಂಡನೂ ಇಬ್ಬರು ಪೊಲೀಸರೂ ಇದ್ದರು. ಸಾಕ್ಷಿಗಿರಲಿ ಎಂದು ಕರೆತಂದಿರಬೇಕು ಎಂದುಕೊಂಡಳು ದಾಫೀನಾ.

"ಹುಲ್ಲು ಬಿಚ್ಚಿಬಿಡ್ತು ಅತ್ತೆ," ಎಂದಳು, ಕಣ್ಣಲ್ಲಿ ನೀರು ತಂದುಕೊಂಡು.

ಅಂಗಳದ ಡಬ್ಬಿಯಲ್ಲಿ ಕೀಚುದನಿ ಆಗಲೇ ನಿಂತಿತ್ತು. ಮುದುಕಿ ತೆರೆದ ಪೆಟ್ಟಿಗೆಯನ್ನು ನೋಡಿದಳು, ಒಳಗೆ ಇಣುಕಲಿಲ್ಲ.

"ಆ ಹುಲ್ಲು ಹಟ್ಟಿ ಹಿಂದಿನಿಂದ ನಾನೇ ಕಿತ್ತು ತಂದಿಟ್ಟಿದ್ದು. ಈಗ ಇವರಿಗೆ ಹೇಳು, ನನ್ನ ಮಗನ ಕೊರಳಿಂದ ಕೀಲಿ ಬಿಚ್ಕೊಂಡಿದ್ದು ಅವನನ್ನ ಮುಳುಗಿಸೋಕೆ ಮುಂಚೆಯೋ, ಆಮೇಲೋ?"