ಏಳು ಮೇಜು, ಒಂದು ಕುರ್ಚಿ

ಹುಬ್ಬಳ್ಳಿಯ ಹವ್ಯಾಸಿ ರೇಡಿಯೊ ಕ್ಲಬ್ಬಿನ ಹೊಸ ಕೋಣೆಯನ್ನು ಬಡಿಗ ಮೌಲಾಸಾಬ್ ಅಳೆಯುತ್ತಿದ್ದ.

“ಏಳು ಮೇಜು ಬೇಕು,” ಎಂದಳು ಕಾರ್ಯದರ್ಶಿ ರೋಹಿಣಿ ಕೊಪ್ಪದ. “ತೀರಿಕೊಂಡ ಏಳೂ ಸದಸ್ಯರಿಗೆ ಒಂದೊಂದು ರೇಡಿಯೊ ಐತಿ. ನಡುವ ಎರಡು ಫೂಟ್ ಜಾಗಾ ಬಿಡ್ರಿ. ಇಲ್ಲಂದ್ರ ಪಾಟೀಲ ಮಾಸ್ತರು ಬಾಜೂದವ್ರ ಮಾತಿನ್ಯಾಗ ಬಾಯಿ ಹಾಕ್ತಾರ.”

“ಕುರ್ಚಿ ಎಷ್ಟ್ರಿ?”

“ಸತ್ತವ್ರು ಎಲ್ಲಿ ಕೂಡ್ತಾರ? ಅವ್ರು ಹೇಳಿದ್ದು ಬರಕೊಳ್ಳಾಕ ನನಗೊಂದು ಸಾಕು.”

ಗೋಡೆಯ ಬದಿಗೆ ಏಳು ರೇಡಿಯೊಗಳು ಎಂದಿನಂತೆ ಟಕಟಕ ಎನ್ನುತ್ತಿದ್ದವು. ಮೋರ್ಸ್ ಸಂಕೇತ ಎಲ್ಲರಿಗೂ ಒಂದೇ ಆದರೂ ಅದನ್ನು ಒತ್ತುವ ಕೈ ಒಬ್ಬೊಬ್ಬರದೂ ಬೇರೆ. ಬದುಕಿದ್ದಾಗ ಅವಸರದಲ್ಲಿದ್ದವರು ಈಗಲೂ ಅವಸರದಲ್ಲೇ ಇದ್ದರು. ಸದ್ದು ಕೇಳಿಯೇ ರೋಹಿಣಿ ಹೆಸರು ಹೇಳುತ್ತಿದ್ದಳು.

ಅಷ್ಟರಲ್ಲಿ, ಯಾರಿಗೂ ಕೊಡದೆ ಮೂಲೆಯಲ್ಲಿಟ್ಟಿದ್ದ ಎಂಟನೆಯ ರೇಡಿಯೊ ಮಿಡಿಯಿತು. ನಿಧಾನವಾಗಿ, ಪ್ರತಿ ಪದದ ಕೊನೆಯ ಸದ್ದನ್ನು ತುಸು ಎಳೆದು.

“ಹೊಸಬ್ರೇನ್ರಿ ಅಕ್ಕಾರ? ಯಾರಿವ್ರು?”

ಎಂದೋ ಮುರಿದು ಸೊಟ್ಟಗೆ ಕೂಡಿಕೊಂಡಿದ್ದ, ಮೋರ್ಸ್ ಗುಂಡಿ ಒತ್ತಿದರೆ ತಡವಾಗಿ ಮೇಲೇಳುವ ತನ್ನ ತೋರುಬೆರಳನ್ನು ರೋಹಿಣಿ ನೋಡಿಕೊಂಡಳು. ಹಾಗೆ ಎಳೆಯುವ ಕೈ ಕ್ಲಬ್ಬಿನಲ್ಲಿ ಒಂದೇ ಇತ್ತು.

“ಎಂಟು ಮೇಜು ಮಾಡ್ರಿ ಮೌಲಾಸಾಬ್,” ಎಂದಳು. “ಕುರ್ಚಿ ಬ್ಯಾಡ.”